ಸೈಪ್ರಸ್: ಆಗದ ಒಪ್ಪಂದಕ್ಕೆ ತಗಲುತ್ತಿರುವ ಖರ್ಚೆಷ್ಟು?

ನಮ್ಮ ವಿಜಯಪುರ ಜಿಲ್ಲೆಯ ವಿಸ್ತೀರ್ಣ ಸುಮಾರು 10,500 ಚದರ ಕಿಲೋಮೀಟರ್. ಮೆಡಿಟರೇನಿಯನ್ ಸಮುದ್ರದ ಪೂರ್ವ ಮೂಲೆಯಲ್ಲಿರುವ ಸೈಪ್ರಸ್ ದ್ವೀಪದ್ದು 9,251. ಹಲಸಂಗಿಯ ಕಡೆಯ ಭೀಮಾ ತೀರದಿಂದ ಇಂಡಿ, ಸಿಂದಗಿ ದಾಟಿ ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕೃಷ್ಣಾ ದಂಡೆಯ ತನಕ ಹರಡಿದ ಈ ಜಿಲ್ಲೆಯಲ್ಲಿ ಆ ಇಡೀ ದೇಶ ಹಿಡಿದು ಇನ್ನೂ ಸಾವಿರ ಚದರ ಕಿಲೋಮೀಟರಿಗಿಂತ ಹೆಚ್ಚು ಜಾಗ ಉಳಿಯುತ್ತದೆ. 2011ರ ಜನಗಣತಿಯಂತೆ ನಾವು 21.77 ಲಕ್ಷ ಜನ. ಸೈಪ್ರಸ್‌ನ ಎರಡೂ ಭಾಗದವರನ್ನು ಕೂಡಿಸಿದರೆ 12–13 ಲಕ್ಷದ ಆಸುಪಾಸು.

ಇಷ್ಟು ಸಣ್ಣ ನೆಲವನ್ನು 180 ಕಿಲೋಮೀಟರ್ ಉದ್ದದ ಗೆರೆಯೊಂದು ಎರಡು ಹೋಳು ಮಾಡಿದೆ: ಉತ್ತರದಲ್ಲಿ ತುರ್ಕಿ ಮಾತಾಡುವವರು, ದಕ್ಷಿಣದಲ್ಲಿ ಗ್ರೀಕ್ ಮಾತಾಡುವವರು. ಸೊಲ್ಲಾಪುರದಿಂದ ವಿಜಯಪುರ ದಾಟಿ ಆಲಮಟ್ಟಿ ಮುಟ್ಟುವ ದಾರಿಗಿಂತ ತುಸು ಉದ್ದ. ಗೆರೆಯ ಎರಡೂ ಬದಿಗೆ ಯಾವ ಸೈನ್ಯವೂ ಕಾಲಿಡಬಾರದ ಪಟ್ಟಿಯೊಂದಿದೆ. ಹಳೆಯ ನಿಕೋಸಿಯಾ ಪಟ್ಟಣದ ಓಣಿಗಳಲ್ಲಿ ಅದರ ಅಗಲ ಕೆಲವೇ ಮೀಟರ್; ಹೊರಗೆ ಬಯಲಿನಲ್ಲಿ ಒಂದು ಕಡೆ 7 ಕಿಲೋಮೀಟರ್ ಮೀರುತ್ತದೆ. ಒಟ್ಟು 346 ಚದರ ಕಿಲೋಮೀಟರ್, ಎಂದರೆ ದ್ವೀಪದ ನೂರು ಎಕರೆಯಲ್ಲಿ ಮೂರೂಮುಕ್ಕಾಲು ಎಕರೆ, ಈ ಜಗಳದ ಹೆಸರಿಗೇ ಮೀಸಲು.

ಈ ಗೆರೆ ಕಾಯುವುದಕ್ಕೆ ವಿಶ್ವಸಂಸ್ಥೆ ಈಗ ವರ್ಷಕ್ಕೆ ಸುಮಾರು 5.7 ಕೋಟಿ ಡಾಲರ್ ಖರ್ಚು ಮಾಡುತ್ತದೆ. ಡಾಲರಿಗೆ 85 ರೂಪಾಯಿಯಂತೆ ಹಿಡಿದರೆ 480 ಕೋಟಿ ರೂಪಾಯಿ ಮೀರುತ್ತದೆ. ಕಿಲೋಮೀಟರಿಗೆ ವರ್ಷಕ್ಕೆ 2.7 ಕೋಟಿ. ದಿನವೊಂದಕ್ಕೆ 1.3 ಕೋಟಿ. ಕೇಳಿದರೆ ದೊಡ್ಡ ಮೊತ್ತ ಅನ್ನಿಸಬಹುದು. ಆದರೆ ವಿಶ್ವಸಂಸ್ಥೆ ಜಗತ್ತಿನಾದ್ಯಂತ ಶಾಂತಿಪಾಲನೆಗೆ ತೆಗೆದಿಡುವ ಹಣದಲ್ಲಿ ಇದು ಶೇ 1ರಷ್ಟು ಮಾತ್ರ. ಅದರಲ್ಲೂ ಮೂರನೇ ಒಂದು ಪಾಲನ್ನು ಸೈಪ್ರಸ್ ಸರ್ಕಾರವೇ ಕೊಡುತ್ತದೆ. ಗ್ರೀಸ್ ವರ್ಷಕ್ಕೆ 65 ಲಕ್ಷ ಡಾಲರ್ ಕೊಡುತ್ತದೆ. ಉಳಿದ ಮೂರು ಕೋಟಿ ಚಿಲ್ಲರೆ ಡಾಲರ್ ಭಾರತವೂ ಸೇರಿದಂತೆ 190ಕ್ಕೂ ಹೆಚ್ಚು ದೇಶಗಳಿಗೆ ಹಂಚಿಹೋಗುತ್ತದೆ. ಯಾರ ಖಜಾನೆಗೂ ಅದರ ಭಾರ ಗೊತ್ತಾಗುವುದಿಲ್ಲ. ಜಗಳ ಆರು ದಶಕ ದಾಟಿ ಬಾಳಿರುವುದಕ್ಕೆ ಇದೂ ಒಂದು ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ. ಕಾಯುವ ಖರ್ಚು ಎಲ್ಲರಿಗೂ ತಾಳುವಷ್ಟಿದೆ. ತಾಳಲಾರದ ಖರ್ಚು ಬೇರೆ ಇದೆ. ಅದನ್ನು ಹೊತ್ತವರು ಮಾತುಕತೆಯ ಮೇಜಿನಲ್ಲಿ ಕೂತವರಲ್ಲ.

ಈ ದ್ವೀಪಕ್ಕೂ ಕನ್ನಡ ನಾಡಿಗೂ ಒಂದು ನಂಟಿದೆ. 1964ರ ಮಾರ್ಚ್ 4ರಂದು ಭದ್ರತಾ ಮಂಡಳಿ 186ನೇ ನಿರ್ಣಯ ಅಂಗೀಕರಿಸಿ ಶಾಂತಿಪಾಲನಾ ಪಡೆ ಕಟ್ಟಿತು. ಅದರ ಮೊದಲ ದಂಡನಾಯಕ ಭಾರತದ ಲೆಫ್ಟಿನೆಂಟ್ ಜನರಲ್ ಪಿ.ಎಸ್. ಗ್ಯಾನಿ. ಅದೇ ವರ್ಷದ ಮಧ್ಯಭಾಗದಲ್ಲಿ ಅವರ ಜಾಗಕ್ಕೆ ಬಂದವರು ಮಡಿಕೇರಿಯ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. 1957ರಿಂದ 1961ರವರೆಗೆ ಭಾರತದ ಸೇನಾ ಮುಖ್ಯಸ್ಥರಾಗಿದ್ದವರು. ಅದಕ್ಕೂ ಮೊದಲು ಕೊರಿಯಾದಲ್ಲಿ ತಮ್ಮ ದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ದೇಶಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು. ಸೈಪ್ರಸ್‌ನಲ್ಲಿ ಅವರ ಕೈಗೆ ಬಂದ ಪಡೆ ತನ್ನ ಇಡೀ ಇತಿಹಾಸದಲ್ಲೇ ಅತಿ ದೊಡ್ಡದಾಗಿದ್ದ ಹೊತ್ತು ಅದು: 1964ರ ಜೂನ್‌ನಲ್ಲಿ 6,411 ಮಂದಿ. ಕೆನಡಾ, ಬ್ರಿಟನ್, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್‌ನ ಸೈನಿಕರು, ಆಸ್ಟ್ರಿಯಾದ ಆಸ್ಪತ್ರೆ, ಜೊತೆಗೆ ಪೊಲೀಸರು. ಆತ್ಮರಕ್ಷಣೆಗೆ ಹೊರತು ಗುಂಡು ಹಾರಿಸುವಂತಿಲ್ಲ. ಹೆದರಿದ ರೈತರು ಹೊಲದಲ್ಲಿ ಗೋಧಿ ಕೊಯ್ಯುವಾಗ ಪಕ್ಕದಲ್ಲಿ ನಿಲ್ಲುವುದು, ಟಪಾಲು ಮುಟ್ಟಿಸುವುದು, ನಿಕೋಸಿಯಾ–ಕೈರೀನಿಯಾ ರಸ್ತೆಯಲ್ಲಿ ವಾಹನಗಳ ಸಾಲನ್ನು ಮುಂದೆ ನಿಂತು ದಾಟಿಸುವುದು, ಇವೇ ಆ ಪಡೆಯ ದಿನನಿತ್ಯದ ಕೆಲಸವಾಗಿದ್ದವು.

ತಿಮ್ಮಯ್ಯನವರ ಮುಂದಿದ್ದ ಹಾನಿಯ ಲೆಕ್ಕ ವಿಶ್ವಸಂಸ್ಥೆಯ ಕಡತದಲ್ಲಿದೆ. 1963ರ ಡಿಸೆಂಬರ್‌ನಿಂದ ನಡೆದ ಗಲಭೆಯಲ್ಲಿ 109 ಹಳ್ಳಿಗಳಲ್ಲಿ 527 ಮನೆಗಳು ನೆಲಸಮವಾಗಿದ್ದವು. ಇನ್ನೂ 2,000 ಮನೆಗಳು ಲೂಟಿಯಿಂದ ಹಾಳಾಗಿದ್ದವು. ಆ ಹಳ್ಳಿಗಳಲ್ಲಿ ಹೆಚ್ಚಿನವು ತುರ್ಕಿ ಮಾತಾಡುವವರವು ಅಥವಾ ಎರಡೂ ಕಡೆಯವರು ಕೂಡಿ ಬಾಳುತ್ತಿದ್ದಂಥವು. ಸುಮಾರು 25,000 ತುರ್ಕಿ ಸೈಪ್ರಿಯಟ್ಟರು ಮನೆ ಬಿಟ್ಟು ಗುಂಪುಗುಂಪಾಗಿ ಕಾವಲಿನ ಕೇರಿಗಳಿಗೆ ಸೇರಿಕೊಂಡಿದ್ದರು. ತಿಮ್ಮಯ್ಯ 1965ರ ಡಿಸೆಂಬರ್ 18ರಂದು ಆ ದ್ವೀಪದಲ್ಲೇ, ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಲಾರ್ನಕಾ ಪಟ್ಟಣದ ರಸ್ತೆಯೊಂದಕ್ಕೆ ಅವರ ಹೆಸರಿದೆ. ಅವರು ಮುನ್ನಡೆಸಿದ ಪಡೆಗೆ ಭದ್ರತಾ ಮಂಡಳಿ ಮೊದಲು ಕೊಟ್ಟ ಅವಧಿ ಮೂರು ತಿಂಗಳು. ಅದೇ ಪಡೆ ಇಂದಿಗೂ ಅಲ್ಲಿದೆ. ಇಲ್ಲಿಯವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಅಲ್ಲಿ ಸೇವೆ ಮಾಡಿ ಬಂದಿದ್ದಾರೆ. 180ಕ್ಕಿಂತ ಹೆಚ್ಚು ಮಂದಿ ಜೀವ ತೆತ್ತಿದ್ದಾರೆ.

ಜಗಳದ ಬೇರು ಹುಡುಕಿದರೆ ಅಲ್ಲಿಯೂ ಅಂಕಿಗಳೇ ಸಿಗುತ್ತವೆ. ಬ್ರಿಟಿಷರ ವಸಾಹತಾಗಿದ್ದ ದ್ವೀಪ 1960ರ ಆಗಸ್ಟ್ 16ರಂದು ಸ್ವತಂತ್ರವಾಯಿತು. ಆಗ ಜನಸಂಖ್ಯೆಯಲ್ಲಿ ಗ್ರೀಕ್ ಮಾತಾಡುವ ಕ್ರೈಸ್ತರು ಶೇ 77, ತುರ್ಕಿ ಮಾತಾಡುವ ಮುಸ್ಲಿಮರು ಶೇ 18. ಜ್ಯೂರಿಕ್ ಮತ್ತು ಲಂಡನ್ನಿನಲ್ಲಿ 1959ರಲ್ಲಿ ಆದ ಒಡಂಬಡಿಕೆಯ ಮೇಲೆ ಬರೆದ ಸಂವಿಧಾನ ಸರ್ಕಾರಿ ನೌಕರಿಗಳನ್ನು 70:30ರಂತೆ ಹಂಚಿತು. 50 ಸ್ಥಾನಗಳ ಸಂಸತ್ತಿನಲ್ಲಿ 35 ಗ್ರೀಕರಿಗೆ, 15 ತುರ್ಕಿಯರಿಗೆ. ಮಂತ್ರಿಗಳು ಏಳಕ್ಕೆ ಮೂರು. 2,000 ಜನರ ಸೇನೆಯಲ್ಲಿ 60:40. ಅಧ್ಯಕ್ಷ ಗ್ರೀಕ್, ಉಪಾಧ್ಯಕ್ಷ ತುರ್ಕಿ, ಮುಖ್ಯ ವಿಷಯಗಳಲ್ಲಿ ಇಬ್ಬರಿಗೂ ವೀಟೊ ಅಧಿಕಾರ. ಶೇ 18ಕ್ಕೆ ಶೇ 30 ಕೊಟ್ಟದ್ದು ಹೆಚ್ಚಾಯಿತು ಎಂದು ಒಂದು ಕಡೆ. ಸಂಖ್ಯೆಯಲ್ಲಿ ಕಡಿಮೆ ಇರುವವರಿಗೆ ಅಷ್ಟಾದರೂ ಕಾವಲು ಬೇಡವೇ ಎಂದು ಇನ್ನೊಂದು ಕಡೆ. ಮೂರು ವರ್ಷ ದಾಟುತ್ತಿದ್ದಂತೆ, 1963ರ ನವೆಂಬರ್ 30ರಂದು, ಅಧ್ಯಕ್ಷ ಆರ್ಚ್‌ಬಿಷಪ್ ಮಕಾರಿಯೋಸ್ ಸಂವಿಧಾನಕ್ಕೆ 13 ತಿದ್ದುಪಡಿಗಳನ್ನು ಮುಂದಿಟ್ಟರು. ಡಿಸೆಂಬರ್ 21ಕ್ಕೆ ರಕ್ತ ಹರಿಯಿತು. 30ರಂದು ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್ ಹಸಿರು ಪೆನ್ಸಿಲಿನಿಂದ ನಿಕೋಸಿಯಾದ ನಕ್ಷೆಯ ಮೇಲೆ ಗೆರೆ ಎಳೆದರು. ಹಸಿರು ಗೆರೆ ಎಂಬ ಹೆಸರು ಅಂದಿನಿಂದ ನಿಂತಿತು.

ಭೀಮಾ ತೀರದವರಿಗೆ ಗೆರೆಯ ಸಂಕಟ ಹೊಸದಲ್ಲ. 1956ರಲ್ಲಿ ಭಾಷಾವಾರು ಪ್ರಾಂತ ಆದಾಗಿನಿಂದ ನದಿಯ ಆಚೆ ಸೊಲ್ಲಾಪುರ ಸೀಮೆ, ಈಚೆ ನಮ್ಮದು. ಮಹಾರಾಷ್ಟ್ರ ಕೇಳಿದ್ದು ಬೆಳಗಾವಿ, ಕಾರವಾರ, ನಿಪ್ಪಾಣಿ ಜೊತೆಗೆ 814 ಹಳ್ಳಿ. 1966ರ ಅಕ್ಟೋಬರ್‌ನಲ್ಲಿ ನೇಮಕವಾದ ಮಹಾಜನ ಆಯೋಗ 1967ರ ಆಗಸ್ಟ್‌ನಲ್ಲಿ ವರದಿ ಕೊಟ್ಟು 264 ಹಳ್ಳಿ ಆಚೆಗೆ, 247 ಹಳ್ಳಿ ಈಚೆಗೆ ಎಂದಿತು. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕನ್ನಡಿಗರ ಹೆಸರು ಆ ವರದಿಯಲ್ಲಿದೆ. ವರದಿ ಜಾರಿಯಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಡಿಸೆಂಬರ್‌ನಲ್ಲಿ ಗಡಿ ಮತ್ತೆ ಕಾವೇರಿದಾಗ ಕೇಂದ್ರ ಗೃಹ ಸಚಿವರು ಇಬ್ಬರೂ ಮುಖ್ಯಮಂತ್ರಿಗಳನ್ನು ಕೂಡಿಸಿ, ಎರಡೂ ಕಡೆಯಿಂದ ಮೂವರು ಮೂವರು ಮಂತ್ರಿಗಳ ಸಮಿತಿ ಮಾಡಲು ಹೇಳಿ ಕಳಿಸಿದರು. ಇವೆರಡು ತಂಟೆಗಳನ್ನು ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಸೊಲ್ಲಾಪುರದ ಪೇಟೆಗೆ ಹೋಗಿಬರಲು ನಮಗೆ ಪಾಸ್‌ಪೋರ್ಟ್ ಬೇಡ. ಆಚೆಯೂ ಈಚೆಯೂ ಒಂದೇ ಸಂವಿಧಾನ, ಒಂದೇ ಸೇನೆ. ಗಡಿ ವಿವಾದವನ್ನು ಕೋರ್ಟಿಗೆ ಬಿಟ್ಟು ಹೆಣ್ಣು ಕೊಡುವುದು, ತರುವುದು, ಸಂತೆ, ಜಾತ್ರೆ ಎಲ್ಲ ನಡೆಸಿಕೊಂಡು ಬಂದಿದ್ದೇವೆ. ಸೈಪ್ರಸ್‌ನವರಿಗೆ ಆ ಭಾಗ್ಯ 1974ರಲ್ಲಿ ಕೈತಪ್ಪಿತು.

ಆ ವರ್ಷ ಜುಲೈ 15ರಂದು ಅಥೆನ್ಸಿನ ಸೇನಾ ಸರ್ಕಾರದ ಕುಮ್ಮಕ್ಕಿನಿಂದ ಮಕಾರಿಯೋಸ್ ವಿರುದ್ಧ ದಂಗೆಯಾಯಿತು. ದ್ವೀಪವನ್ನು ಗ್ರೀಸಿಗೆ ಸೇರಿಸುವುದು ದಂಗೆಕೋರರ ಗುರಿ. ಐದು ದಿನಕ್ಕೆ, ಜುಲೈ 20ರಂದು, ತುರ್ಕಿಯ ಸೇನೆ ಉತ್ತರದ ತೀರಕ್ಕೆ ಬಂದಿಳಿಯಿತು. ಜಿನೀವಾದಲ್ಲಿ ಮಾತುಕತೆ ಮುರಿದ ಮೇಲೆ ಆಗಸ್ಟ್ 14ಕ್ಕೆ ಎರಡನೇ ದಾಳಿ, 16ಕ್ಕೆ ಕದನ ವಿರಾಮ. ಅಷ್ಟೊತ್ತಿಗೆ ದ್ವೀಪದ ಶೇ 36–37ರಷ್ಟು ನೆಲ ತುರ್ಕಿಯ ಸೇನೆಯ ಕೈಯಲ್ಲಿತ್ತು. ಆಗ ಶಾಂತಿಪಾಲನಾ ಪಡೆಯ ದಂಡನಾಯಕರು ಮತ್ತೊಬ್ಬ ಭಾರತೀಯ, ದಿವಾನ್ ಪ್ರೇಮ್ ಚಂದ್.

ನಿಜವಾದ ಖರ್ಚಿನ ಪುಟ ಇಲ್ಲಿಂದ ಶುರುವಾಗುತ್ತದೆ. ವಿಶ್ವಸಂಸ್ಥೆಯ ಲೆಕ್ಕದಂತೆ ಸುಮಾರು 1,65,000 ಗ್ರೀಕ್ ಸೈಪ್ರಿಯಟ್ಟರು ದಕ್ಷಿಣಕ್ಕೆ ಓಡಿದರು. ಸುಮಾರು 45,000 ತುರ್ಕಿ ಸೈಪ್ರಿಯಟ್ಟರು ಉತ್ತರಕ್ಕೆ ಹೋದರು. ಆರೂವರೆ ಲಕ್ಷ ಜನವೂ ಇಲ್ಲದ ದ್ವೀಪದಲ್ಲಿ 2,10,000 ಮಂದಿ, ಮೂವರಲ್ಲಿ ಒಬ್ಬರು, ಮನೆ ಕಳಕೊಂಡರು. ನಮ್ಮ ಜಿಲ್ಲೆಗೆ ಈ ಲೆಕ್ಕ ಹಚ್ಚಿದರೆ ಏಳು ಲಕ್ಷ ಜನ ಒಂದೇ ವರ್ಷದಲ್ಲಿ ಊರು ಬಿಟ್ಟಂತೆ.

ವರೋಶಾದ ಗತಿ ನೋಡಿ. ಫಮಗುಸ್ತಾ ಪಟ್ಟಣದ ಕಡಲ ದಂಡೆಯ ಬಡಾವಣೆ ಅದು. ಸಾಲು ಸಾಲು ಹೋಟೆಲು, ಯುರೋಪಿನಿಂದ ಬರುವ ಪ್ರವಾಸಿಗರು. 1974ರ ಆಗಸ್ಟ್‌ನಲ್ಲಿ ಸುಮಾರು 39,000 ಮಂದಿ ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು, ಎರಡು ಮೂರು ದಿನದಲ್ಲಿ ತಿರುಗಿ ಬರುತ್ತೇವೆಂದು. ಸೇನೆ ಸುತ್ತ ಬೇಲಿ ಹಾಕಿತು. ಮೂಲ ನಿವಾಸಿಗಳಲ್ಲದೆ ಬೇರೆಯವರನ್ನು ಅಲ್ಲಿ ನೆಲೆಗೊಳಿಸಕೂಡದು, ಆಡಳಿತ ವಿಶ್ವಸಂಸ್ಥೆಗೆ ಬರಲಿ ಎಂದು ಭದ್ರತಾ ಮಂಡಳಿ 1984ರಲ್ಲಿ 550ನೇ ನಿರ್ಣಯದಲ್ಲಿ ಹೇಳಿತು. ಬೇಲಿ ಉಳಿಯಿತು. 2020ರ ಅಕ್ಟೋಬರ್ 8ರಂದು ಉತ್ತರದ ಆಡಳಿತ ಕಡಲ ದಂಡೆಯ ಒಂದಷ್ಟು ಭಾಗವನ್ನು ಜನ ನೋಡಿ ಹೋಗಲು ತೆರೆಯಿತು. ಆಲಮಟ್ಟಿ ಹಿನ್ನೀರಿಗೆ ಊರು ಕೊಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಹಿರಿಯರಿಗೆ ಮನೆ ಬಿಡುವ ನೋವು ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ಊರು ನೀರಿನಡಿ ಹೋಯಿತು; ಮನಸ್ಸಿಗೆ ಅದೊಂದು ಕೊನೆ. ವರೋಶಾದವರ ಮನೆ ಒಣ ನೆಲದ ಮೇಲೆ ನಿಂತಿದೆ. ಗೋಡೆಯಲ್ಲಿ ಗಿಡ ಬೆಳೆದದ್ದು ಬೇಲಿಯ ಹೊರಗಿನಿಂದ ಕಾಣುತ್ತದೆ, ಒಳಗೆ ಹೋಗಿ ಬಾಳುವಂತಿಲ್ಲ.

ನಿಕೋಸಿಯಾ ವಿಮಾನ ನಿಲ್ದಾಣವೂ ಹಾಗೆಯೇ. 1968ರಲ್ಲಿ ಹೊಸ ಟರ್ಮಿನಲ್ ಕಟ್ಟಿದ್ದರು. ಆರೇ ವರ್ಷಕ್ಕೆ ಯುದ್ಧ. ಪ್ರೇಮ್ ಚಂದ್ ಅವರ ಪಡೆ ಅದನ್ನು ವಿಶ್ವಸಂಸ್ಥೆಯ ರಕ್ಷಣೆಯ ಪ್ರದೇಶವೆಂದು ಘೋಷಿಸಿ ಎರಡೂ ಸೈನ್ಯಗಳ ಕೈಗೆ ಸಿಗದಂತೆ ಉಳಿಸಿತು. ಅಂದಿನಿಂದ ಅಲ್ಲಿ ಪ್ರಯಾಣಿಕರ ವಿಮಾನ ಹಾರಿಲ್ಲ. ರನ್‌ವೇ ಪಕ್ಕದಲ್ಲಿ ಸೈಪ್ರಸ್ ಏರ್‌ವೇಸ್‌ನ ಟ್ರೈಡೆಂಟ್ ವಿಮಾನವೊಂದು ಎಂಜಿನ್ ಕಳಚಿದ ಸ್ಥಿತಿಯಲ್ಲಿ ಇಂದಿಗೂ ಕೂತಿದೆ. ಹಳೆಯ ಪಟ್ಟಣದ ನಡುಪಟ್ಟಿಯಲ್ಲಿ, ಮರಳು ತುಂಬಿದ ಡ್ರಮ್ಮುಗಳ ಹಿಂದೆ, 1974ರಲ್ಲಿ ಮಾರಾಟಕ್ಕೆ ಬಂದಿದ್ದ ಹೊಸ ಟೊಯೋಟಾ ಕಾರುಗಳು ಧೂಳು ಹಿಡಿದು ನಿಂತಿವೆ. ಕೆಲವೇ ಮೈಲಿ ಓಡಿದ ಕಾರುಗಳು ಅವು. ಇಂಥ ನಷ್ಟಕ್ಕೆ ಯಾವ ಬಜೆಟ್ಟಿನಲ್ಲೂ ಸಾಲು ಇರುವುದಿಲ್ಲ.

ಸೈನಿಕರ ಲೆಕ್ಕ ಇನ್ನೂ ದೊಡ್ಡದು. 1960ರ ಒಪ್ಪಂದ ದ್ವೀಪದಲ್ಲಿ ಗ್ರೀಸಿನ 950 ಮತ್ತು ತುರ್ಕಿಯ 650 ಸೈನಿಕರಿಗೆ ಮಾತ್ರ ಜಾಗ ಕೊಟ್ಟಿತ್ತು. ಈಗ ಉತ್ತರದಲ್ಲಿ ತುರ್ಕಿಯ ಸೈನಿಕರ ಸಂಖ್ಯೆ 30,000ದಿಂದ 40,000 ಎಂಬ ಅಂದಾಜಿದೆ. ಅಲ್ಲಿನ ನಿವಾಸಿಗಳ ಲೆಕ್ಕದಲ್ಲಿ ಸುಮಾರು ಹತ್ತು ಜನಕ್ಕೊಬ್ಬ. ಗೆರೆಯ ದಕ್ಷಿಣದಲ್ಲಿ ಪ್ರತಿ ಯುವಕನೂ 14 ತಿಂಗಳು ಕಡ್ಡಾಯವಾಗಿ ಸೇನೆಯಲ್ಲಿ ಇರಬೇಕು. ಉತ್ತರದ ಯುವಕರಿಗೂ ಕಡ್ಡಾಯ ಸೇವೆ ತಪ್ಪಿಲ್ಲ. ಇವರೆಲ್ಲರ ನಡುವೆ ನಿಂತ ವಿಶ್ವಸಂಸ್ಥೆಯ ಸೈನಿಕರು 800ರ ಆಸುಪಾಸು, ಕಿಲೋಮೀಟರಿಗೆ ನಾಲ್ಕೈದು ಮಂದಿ. ಇದಲ್ಲದೆ ಬ್ರಿಟನ್ ಸ್ವಾತಂತ್ರ್ಯ ಕೊಡುವಾಗಲೇ ಅಕ್ರೋತಿರಿ, ಧೆಕೇಲಿಯಾ ಎಂಬ ಎರಡು ಸೇನಾ ನೆಲೆಗಳಿಗೆ ಸುಮಾರು 254 ಚದರ ಕಿಲೋಮೀಟರ್ ತನ್ನ ಹೆಸರಿಗೇ ಉಳಿಸಿಕೊಂಡಿದೆ.

ಮಾತುಕತೆಯ ಪಟ್ಟಿ ಬಲು ಉದ್ದ, ಮುಖ್ಯವಾದದ್ದಷ್ಟೇ ಹೇಳುತ್ತೇನೆ. 1977ರ ಫೆಬ್ರುವರಿಯಲ್ಲಿ ಮಕಾರಿಯೋಸ್ ಮತ್ತು ತುರ್ಕಿ ಸೈಪ್ರಿಯಟ್ಟರ ನಾಯಕ ರವೂಫ್ ದೆಂಕ್ತಾಶ್ ಎರಡು ಸಮುದಾಯಗಳ ಒಕ್ಕೂಟವೇ ದಾರಿ ಎಂದು ಒಪ್ಪಿದರು. 1983ರ ನವೆಂಬರ್ 15ರಂದು ಉತ್ತರ ಪ್ರತ್ಯೇಕ ದೇಶವೆಂದು ಸಾರಿಕೊಂಡಿತು. ಮೂರೇ ದಿನದಲ್ಲಿ ಭದ್ರತಾ ಮಂಡಳಿ ಅದನ್ನು ಅಸಿಂಧು ಎಂದಿತು. ತುರ್ಕಿ ಹೊರತು ಯಾರೂ ಮನ್ನಿಸಿಲ್ಲ. ಪೆರೆಜ್ ಡಿ ಕ್ವೆಲ್ಯಾರ್, ಬೂತ್ರೋಸ್ ಘಾಲಿ, ಕೋಫಿ ಅನ್ನಾನ್, ಬಾನ್ ಕೀ ಮೂನ್, ಗುಟೆರೆಸ್, ಒಬ್ಬೊಬ್ಬ ಮಹಾ ಕಾರ್ಯದರ್ಶಿಯೂ ಇದಕ್ಕೆ ಕೈ ಹಾಕಿದ್ದಾರೆ.

ಎಲ್ಲಕ್ಕಿಂತ ಹತ್ತಿರ ಬಂದದ್ದು ಅನ್ನಾನ್ ಯೋಜನೆ. 2002ರಲ್ಲಿ ಹೊರಬಂದ ಕರಡು ತಿದ್ದುಪಡಿಯಾಗುತ್ತ ಐದನೇ ಆವೃತ್ತಿಗೆ ಬಂದು, ಕಾನೂನುಗಳ ಅನುಬಂಧ ಸೇರಿ 9,000 ಪುಟ ದಾಟಿತು. 2004ರ ಏಪ್ರಿಲ್ 24ರಂದು ಎರಡೂ ಕಡೆ ಒಂದೇ ದಿನ ಜನಮತ ಕೇಳಿದರು. ತುರ್ಕಿ ಸೈಪ್ರಿಯಟ್ಟರಲ್ಲಿ ಶೇ 64.91 ಬೇಕು ಎಂದರು. ಗ್ರೀಕ್ ಸೈಪ್ರಿಯಟ್ಟರಲ್ಲಿ ಶೇ 75.83 ಬೇಡ ಎಂದರು. ಅದಾದ ಏಳನೇ ದಿನ, ಮೇ 1ರಂದು, ಸೈಪ್ರಸ್ ಯುರೋಪಿಯನ್ ಒಕ್ಕೂಟದ ಸದಸ್ಯ ದೇಶವಾಯಿತು. ಬೇಡ ಎಂದವರಿಗೆ ಸದಸ್ಯತ್ವ ಮೊದಲೇ ಖಾತ್ರಿಯಾಗಿತ್ತು. ಬೇಕು ಎಂದವರು ಹೊರಗುಳಿದರು. ಸೇನೆ, ವಲಸೆ ಬಂದವರು, ಆಸ್ತಿಯ ವಿಚಾರದಲ್ಲಿ ಗ್ರೀಕ್ ಕಡೆಯವರ ಭಯ ಸುಳ್ಳಾಗಿರಲಿಲ್ಲ, ಮನೆ ಕಳಕೊಂಡವರು ಅವರಲ್ಲಿ ಹೆಚ್ಚು. ಆದರೂ ಆ ವಾರದ ರಾಜತಾಂತ್ರಿಕತೆ ದೊಡ್ಡ ತಪ್ಪು ಮಾಡಿತು ಎಂದೇ ನನ್ನ ತೀರ್ಮಾನ. ಒಪ್ಪದಿದ್ದರೂ ಏನೂ ಕಳಕೊಳ್ಳುವುದಿಲ್ಲ ಎಂದು ಗೊತ್ತಾದ ಮೇಲೆ ಯಾರಿಗಾದರೂ ಬಗ್ಗಿ ಮಾತಾಡುವ ಅಗತ್ಯವೇನು? ಒಪ್ಪಿದರೂ ಏನೂ ಸಿಗಲಿಲ್ಲ ಎಂದು ತಿಳಿದ ತುರ್ಕಿ ಸೈಪ್ರಿಯಟ್ಟರಲ್ಲಿ ಒಕ್ಕೂಟದ ಆಸೆ ಕುಂದದೆ ಇರುತ್ತದೆಯೇ? 2006ರಲ್ಲಿ ಯುರೋಪಿಯನ್ ಒಕ್ಕೂಟ ಅವರಿಗಾಗಿ 25.9 ಕೋಟಿ ಯೂರೊ ನೆರವು ತೆಗೆದಿಟ್ಟಿತು. ಹಣ ಬಂತು, ನ್ಯಾಯ ಬರಲಿಲ್ಲ ಎಂಬ ಕೊರಗು ಉಳಿಯಿತು.

2017ರ ಲೆಕ್ಕ ಇನ್ನೂ ಹೊಟ್ಟೆ ಉರಿಸುತ್ತದೆ. ಆ ಜನವರಿಯಲ್ಲಿ ಜಿನೀವಾದಲ್ಲಿ ಗ್ರೀಕ್ ಕಡೆಯ ನಾಯಕ ನಿಕೋಸ್ ಅನಸ್ತಾಸಿಯಾದಿಸ್ ಮತ್ತು ತುರ್ಕಿ ಕಡೆಯ ನಾಯಕ ಮುಸ್ತಫಾ ಅಕಿಂಜಿ ಮೊದಲ ಬಾರಿಗೆ ತಮ್ಮ ತಮ್ಮ ನಕ್ಷೆಗಳನ್ನು ಕೈಬದಲಿಸಿಕೊಂಡರು. ತುರ್ಕಿ ಕಡೆಯ ರಾಜ್ಯಕ್ಕೆ ದ್ವೀಪದ ಶೇ 28.2 ನೆಲ ಎಂದು ಗ್ರೀಕ್ ನಕ್ಷೆ, ಶೇ 29.2 ಎಂದು ತುರ್ಕಿ ನಕ್ಷೆ. ಅಂತರ ಶೇ 1. ಎಂದರೆ 92.5 ಚದರ ಕಿಲೋಮೀಟರ್, ಎಕರೆಯಲ್ಲಿ ಹೇಳಿದರೆ 22,900ರ ಹತ್ತಿರ. ಐವತ್ತು ವರ್ಷಗಳ ಜಗಳ ನೆಲದ ಮಟ್ಟಿಗೆ ಇಷ್ಟಕ್ಕೆ ಇಳಿದಿತ್ತು. ಜೂನ್ 28ರಿಂದ ಸ್ವಿಟ್ಜರ್ಲೆಂಡಿನ ಕ್ರಾನ್ಸ್ ಮೊಂಟಾನಾದಲ್ಲಿ ಗ್ರೀಸ್, ತುರ್ಕಿ, ಬ್ರಿಟನ್ ಕೂಡ ಬಂದು ಕೂತವು. ಗುಟೆರೆಸ್ ಆರು ಅಂಶಗಳ ಚೌಕಟ್ಟು ಕೊಟ್ಟರು. ಸೈನಿಕರು ಯಾವಾಗ ಹೋಗಬೇಕು, 950 ಮತ್ತು 650ಕ್ಕೆ ಇಳಿದರೆ ಸಾಕೇ ಅಥವಾ ಸೊನ್ನೆಗೆ ಬರಬೇಕೇ, ಹೊರಗಿನ ದೇಶಗಳಿಗೆ ಮಧ್ಯೆ ಬರುವ ಹಕ್ಕು ಉಳಿಯಬೇಕೇ ಎಂಬಲ್ಲಿ ಗಂಟು ಬಿದ್ದಿತು. ಜುಲೈ 7ರ ಬೆಳಗಿನ ಜಾವ ಮಾತುಕತೆ ಮುರಿಯಿತು. ಅದಾದ ಮೇಲೆ 2021ರಲ್ಲಿ ಉತ್ತರದ ನಾಯಕ ಎರ್ಸಿನ್ ತಾತಾರ್ ಒಕ್ಕೂಟ ಬೇಡ, ಎರಡು ದೇಶ ಬೇಕು ಎಂದರು. ಬಗೆಹರಿಯುತ್ತದೆ ಎಂದುಕೊಂಡದ್ದು ಮತ್ತೆ 1983ರ ಕಡೆಗೆ ಸರಿಯಿತು.

ಇಷ್ಟರ ನಡುವೆಯೂ ಒಂದೆರಡು ಕೆಲಸಗಳು ನಡೆದಿವೆ. ಅವು ಸಭೆಗಳಲ್ಲಿ ಹುಟ್ಟಿದವಲ್ಲ, ಚರಂಡಿಯಲ್ಲಿ. 1974ರ ಗೆರೆ ನಿಕೋಸಿಯಾದ ಒಳಚರಂಡಿಯನ್ನೂ ಕಡಿದಿತ್ತು. ನೀರು ಇಳಿಜಾರಿಗೆ ಹರಿಯಲೇಬೇಕು, ಇಳಿಜಾರು ಉತ್ತರಕ್ಕಿತ್ತು. ಆ ಕಾಲದ ಇಬ್ಬರು ಮೇಯರ್‌ಗಳು, ದಕ್ಷಿಣದ ಲೆಲ್ಲೋಸ್ ದೆಮೆತ್ರಿಯಾದಿಸ್, ಉತ್ತರದ ಮುಸ್ತಫಾ ಅಕಿಂಜಿ, 1978ರಿಂದಲೇ ಕೂತು ಮಾತಾಡಿ ಇಡೀ ಪಟ್ಟಣಕ್ಕೆ ಒಂದೇ ಒಳಚರಂಡಿ ಮಾಡಿಸಿದರು. ಗೆರೆಯ ಉತ್ತರದ ಶುದ್ಧೀಕರಣ ಘಟಕ ಎರಡೂ ಕಡೆಯ ಕೊಳೆನೀರು ಸೇರಿಸಿ ದಿನಕ್ಕೆ 30,000 ಘನ ಮೀಟರ್, ಎಂದರೆ 3 ಕೋಟಿ ಲೀಟರ್ ಸಂಸ್ಕರಿಸುವ ಶಕ್ತಿ ಹೊಂದಿದೆ. ನಲವತ್ತು ವರ್ಷದ ನಂತರ ನಕ್ಷೆ ಹಿಡಿದು ಜಿನೀವಾಕ್ಕೆ ಹೋದದ್ದು ಇದೇ ಅಕಿಂಜಿ.

ಕುಡಿಯುವ ನೀರಿನ ಕಥೆ ಬೇರೆ. 2015ರ ಅಕ್ಟೋಬರ್‌ನಲ್ಲಿ ತುರ್ಕಿ ಸಮುದ್ರದೊಳಗೆ 80 ಕಿಲೋಮೀಟರ್ ಕೊಳವೆ ಹಾಕಿ ಉತ್ತರ ಸೈಪ್ರಸ್‌ಗೆ ನೀರು ಹರಿಸಿತು. ವರ್ಷಕ್ಕೆ 7.5 ಕೋಟಿ ಘನ ಮೀಟರ್. ನಮ್ಮ ಭಾಷೆಯಲ್ಲಿ 2.65 ಟಿಎಂಸಿ. 519.6 ಮೀಟರಿಗೆ 123 ಟಿಎಂಸಿ ಹಿಡಿಯುವ ಆಲಮಟ್ಟಿಯ ಪಕ್ಕದವರಿಗೆ ಇದು ಕಡಿಮೆ ಅನ್ನಿಸಬಹುದು, ಬರದ ಆ ದ್ವೀಪಕ್ಕೆ ಅದೇ ಜೀವಾಳ. 2020ರ ಜನವರಿಯಲ್ಲಿ ಕೊಳವೆ ಕಳಚಿ ಶರತ್ಕಾಲದವರೆಗೆ ನೀರು ನಿಂತಾಗ ಅದು ಸಾಬೀತಾಯಿತು. ಇದೇ ನೀರು ಗೆರೆ ದಾಟಿ ದಕ್ಷಿಣಕ್ಕೂ ಹೋಗಬಹುದಿತ್ತು. ಒಪ್ಪಂದ ಇಲ್ಲದ್ದರಿಂದ ಹೋಗಲಿಲ್ಲ. ದಕ್ಷಿಣದವರು ಸಮುದ್ರದ ನೀರನ್ನೇ ಸಿಹಿ ಮಾಡಿ ಕುಡಿಯುತ್ತಾರೆ, ವಿದ್ಯುತ್ತಿನ ಖರ್ಚು ಹೊತ್ತು.

2003ರ ಏಪ್ರಿಲ್ 23ರಂದು ಮೊದಲ ದಾಟುವ ಬಾಗಿಲು ತೆರೆದಾಗ ಜನ 29 ವರ್ಷದ ಮೇಲೆ ತಮ್ಮ ಮನೆ ನೋಡಲು ಸಾಲು ನಿಂತರು. ಈಗ ಅಂಥ ಬಾಗಿಲುಗಳು ಒಂಬತ್ತು. 2025ರ ಮಾರ್ಚ್‌ನಲ್ಲಿ ಜಿನೀವಾದ ಸಭೆ ಇನ್ನು ನಾಲ್ಕು ಬಾಗಿಲು ತೆರೆಯುವ ಮಾತಾಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಉತ್ತರದ ಮತದಾರರು ಶೇ 62ಕ್ಕೂ ಹೆಚ್ಚು ಮತ ಕೊಟ್ಟು ಒಕ್ಕೂಟದ ಪರ ಇರುವ ತುಫಾನ್ ಎರ್ಹುರ್ಮಾನ್ ಅವರನ್ನು ಆರಿಸಿದರು. ಮಾತುಕತೆಗೆ ಮತ್ತೆ ಉಸಿರು ಬಂದಿದೆ ಎನ್ನಲು ಇದೊಂದು ಆಧಾರ.

ಕೋರ್ಟಿನ ಕಾಗದವೂ ಕೊನೆಗೆ ಹಣವಾಗಿ ಬಂದದ್ದು ಕಡಿಮೆ. ಕೈರೀನಿಯಾದ ತಮ್ಮ ಜಮೀನಿಗಾಗಿ ತಿತೀನಾ ಲೊಯಿಝಿದು ಹೂಡಿದ ದಾವೆಯಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ 1996ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಪರಿಹಾರದ ದುಡ್ಡನ್ನು ತುರ್ಕಿ ಕೊಟ್ಟದ್ದು 2003ರಲ್ಲಿ. 2014ರ ಮೇ 12ರಂದು ಅದೇ ನ್ಯಾಯಾಲಯ ತುರ್ಕಿ 9 ಕೋಟಿ ಯೂರೊ ಕೊಡಬೇಕು ಎಂದಿತು: 3 ಕೋಟಿ ಕಾಣೆಯಾದವರ ಕುಟುಂಬಗಳಿಗೆ, 6 ಕೋಟಿ ಕಾರ್ಪಾಸ್ ಪ್ರದೇಶದಲ್ಲಿ ಸಿಕ್ಕಿಕೊಂಡವರಿಗೆ. ಅದು ಬಾಕಿಯೇ ಉಳಿಯಿತು.

ಕಾಣೆಯಾದವರ ಲೆಕ್ಕ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. 1963–64 ಮತ್ತು 1974ರಲ್ಲಿ ಕಣ್ಮರೆಯಾದವರೆಂದು ಎರಡೂ ಕಡೆ ಒಪ್ಪಿದ ಪಟ್ಟಿಯಲ್ಲಿ 2,002 ಹೆಸರುಗಳಿವೆ: 1,510 ಗ್ರೀಕ್, 492 ತುರ್ಕಿ. ಅವರನ್ನು ಹುಡುಕುವ ಸಮಿತಿ 1981ರಲ್ಲೇ ಆಯಿತು. ನೆಲ ಅಗೆಯಲು ಶುರುವಾದದ್ದು 2006ರಲ್ಲಿ. 25 ವರ್ಷ ಹೆಸರು, ಹಕ್ಕು, ವಿಧಾನದ ಚರ್ಚೆಯಲ್ಲೇ ಹೋದವು. ಸಮಿತಿಯಲ್ಲಿ ಮೂವರು: ಒಬ್ಬ ಗ್ರೀಕ್, ಒಬ್ಬ ತುರ್ಕಿ, ಮೂರನೆಯವರನ್ನು ರೆಡ್‌ಕ್ರಾಸ್ ಆರಿಸಿ ವಿಶ್ವಸಂಸ್ಥೆ ನೇಮಿಸುತ್ತದೆ. ಪ್ರಯೋಗಾಲಯ ಇರುವುದು ಆ ಹಳೆಯ ವಿಮಾನ ನಿಲ್ದಾಣದ ಆವರಣದಲ್ಲಿ. ಬಾವಿ, ತೋಟ, ಹೊಲಗಳಿಂದ ತೆಗೆದ ಎಲುಬುಗಳನ್ನು ಎರಡೂ ಕಡೆಯ ಯುವ ವಿಜ್ಞಾನಿಗಳು ಒಂದೇ ಮೇಜಿನ ಮೇಲೆ ಹರವಿ, ಒಬ್ಬೊಬ್ಬರ ದೇಹವನ್ನು ತಲೆಯಿಂದ ಪಾದದವರೆಗೆ ಜೋಡಿಸಿ, ಸಂಬಂಧಿಕರ ರಕ್ತದ ಡಿಎನ್‌ಎ ಜೊತೆ ತಾಳೆ ನೋಡುತ್ತಾರೆ. ಗುರುತು ಸಿಕ್ಕರೆ ಮನೆಯವರನ್ನು ಕರೆಸಿ, ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು ಎಂದು ಹೇಳಿ ಒಪ್ಪಿಸುತ್ತಾರೆ. ಹೀಗೆ ಮನೆಗೆ ಮರಳಿದವರು 1,050ರ ಆಸುಪಾಸು. ಮೊದಮೊದಲು ವರ್ಷಕ್ಕೆ ಹೆಚ್ಚು ಮಂದಿಯ ಗುರುತು ಸಿಗುತ್ತಿತ್ತು, ಈಚೆಗೆ ಬೆರಳೆಣಿಕೆಯಷ್ಟು. ಹೂತ ಜಾಗ ಗೊತ್ತಿದ್ದವರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ. ತುರ್ಕಿಯ ಸೇನೆ ತನ್ನ ಆವರಣದೊಳಗಿನ 30 ಜಾಗಗಳನ್ನು 2015ರಲ್ಲಿ, ಮತ್ತೆ 30 ಜಾಗಗಳನ್ನು 2019ರಲ್ಲಿ ಅಗೆಯಲು ಬಿಟ್ಟುಕೊಟ್ಟಿತು.

ಸೈನಿಕರು ಯಾವ ದಿನ ಹೋಗಬೇಕು, ಶೇ 28.2 ಸರಿಯೋ 29.2 ಸರಿಯೋ ಎಂಬುದಕ್ಕೆ ಇನ್ನೊಂದು ಜಿನೀವಾ ಬೇಕಾಗಬಹುದು. ಕಾಣೆಯಾದವರನ್ನು ಹುಡುಕುವ ಕೆಲಸಕ್ಕೆ ಬೇಡ. ಉತ್ತರದ ಸೇನಾ ಆವರಣಗಳೆಲ್ಲ ಅಗೆಯುವವರಿಗೆ ತೆರೆಯಬೇಕು. ಎರಡೂ ಕಡೆಯ ಸೇನೆ, ಪೊಲೀಸ್ ಕಡತಗಳು ಸಮಿತಿಯ ಕೈಗೆ ಬರಬೇಕು. ಗೊತ್ತಿದ್ದೂ ಸುಮ್ಮನಿರುವ ಮುದುಕರು ಬಾಯಿ ಬಿಡಬೇಕು. ಹೇಳಿದವರ ಮೇಲೆ ಮೊಕದ್ದಮೆ ಹೂಡುವುದಿಲ್ಲ, ಹೆಸರು ಹೊರಗೆ ಬರುವುದಿಲ್ಲ ಎಂಬ ಭರವಸೆ ಸಮಿತಿಯ ನಿಯಮದಲ್ಲೇ ಇದೆ. ಮಾತುಕತೆ ಮತ್ತೆ ಶುರು ಮಾಡುವವರು ಮೊದಲ ದಿನದ ಮೊದಲ ವಿಷಯವಾಗಿ ಇದನ್ನೇ ಎತ್ತಿಕೊಳ್ಳಲಿ. ಇನ್ನೂ 950ರಷ್ಟು ಹೆಸರುಗಳು ಪಟ್ಟಿಯಲ್ಲಿ ಬಾಕಿ ಇವೆ.